ಹೊಳೆ, ಬರ, ಸಿಡಿಲು, ಗೋಡೆ: ಊರಿನ ಅಪಾಯವನ್ನು ಓಣಿವಾರು ಅಳೆಯುವ ಬಗೆ

ಮಳೆಗಾಲದಲ್ಲಿ ಭೀಮಾ ತೀರದ ಊರುಗಳಿಗೆ ಬರುವ ಎಚ್ಚರಿಕೆ ಸಾಮಾನ್ಯವಾಗಿ ಎರಡೇ ಸಾಲಿನದು: ಸೊನ್ನ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ, ನದಿಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಅಷ್ಟು ಕ್ಯೂಸೆಕ್ ಬಂದರೆ ನೀರು ಯಾವ ಓಣಿಯ ತನಕ ಏರುತ್ತದೆ, ಸುರಕ್ಷಿತ ಸ್ಥಳ ಯಾವುದು, ಅಲ್ಲಿಗೆ ಹೋಗುವ ದಾರಿ ಅಷ್ಟೊತ್ತಿಗೆ ಉಳಿದಿರುತ್ತದೆಯೇ ಎಂಬುದು ಅದರಲ್ಲಿ ಇರುವುದಿಲ್ಲ. ಇರಲು ಸಾಧ್ಯವೂ ಇಲ್ಲ. ಆ ಉತ್ತರವನ್ನು ಊರಿನವರೇ ಮೊದಲೇ ಬರೆದಿಟ್ಟುಕೊಂಡಿರಬೇಕು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರು, ಸ್ವಸಹಾಯ ಸಂಘದವರು, ಶಾಲಾ ಶಿಕ್ಷಕರು ಸೇರಿಕೊಂಡರೆ ಮಾಡಬಹುದಾದ ಕೆಲಸ ಇದು. ಅದನ್ನು ಮಾಡುವ ಕ್ರಮ ಇಲ್ಲಿದೆ.

ಅಪಾಯ ಎಲ್ಲಿಂದ ಹುಟ್ಟುತ್ತದೆ

ಮಳೆ, ಪ್ರವಾಹ, ಬಿಸಿಲು ತಾವಾಗಿಯೇ ಅನಾಹುತ ಆಗುವುದಿಲ್ಲ. ದಾರಿಯಲ್ಲಿ ಮನೆ, ಬೆಳೆ, ದನಕರು, ಜನ ಇರಬೇಕು. ಅವರಿಗೆ ತಡೆದುಕೊಳ್ಳುವ ಅಥವಾ ಜಾಗ ಖಾಲಿ ಮಾಡುವ ಶಕ್ತಿ ಕಡಿಮೆ ಇರಬೇಕು. ಹೊಳೆಯಿಂದ ಒಂದೇ ದೂರದಲ್ಲಿರುವ ಎರಡು ಮನೆಗಳ ಅಪಾಯವೂ ಒಂದೇ ಅಲ್ಲ. ಒಂದರಲ್ಲಿ ಟ್ರ್ಯಾಕ್ಟರ್ ಇರುವ ಕುಟುಂಬ, ಇನ್ನೊಂದರಲ್ಲಿ ಮಕ್ಕಳೆಲ್ಲ ಪುಣೆ-ಮುಂಬೈಗೆ ಗುಳೆ ಹೋಗಿ ಒಬ್ಬಂಟಿಯಾದ ಅಜ್ಜಿ. ತಾಲ್ಲೂಕಿನ ಸರಾಸರಿ ಅಂಕಿ ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಆದ್ದರಿಂದ ಅಳತೆ ಓಣಿ, ತಾಂಡಾ, ಹೊಲದ ಮಟ್ಟಕ್ಕೆ ಇಳಿಯಬೇಕು.

ಮೂರು ತಾಲ್ಲೂಕುಗಳ ನೆಲದ ಗುಣವೂ ಬೇರೆ ಬೇರೆ. ಆಳಂದ ಮಹಾರಾಷ್ಟ್ರದ ಉಮರಗಾ, ಅಕ್ಕಲಕೋಟೆಗಳಿಗೆ ಅಂಟಿಕೊಂಡ ಎತ್ತರದ ಭೂಮಿ. ಇಲ್ಲಿ ಬಿದ್ದ ನೀರು ನಿಲ್ಲದೆ ಇಳಿದು ಹೋಗುತ್ತದೆ. ಬರ, ಅಂತರ್ಜಲ ಕುಸಿತ, ಆಲಿಕಲ್ಲು, ಹಳ್ಳಗಳಿಗೆ ದಿಢೀರನೆ ಬರುವ ನೀರು ಇಲ್ಲಿನ ಚಿಂತೆ. ಅಫಜಲಪುರ ಭೀಮೆಯ ಎಡದಂಡೆ; ಮಹಾರಾಷ್ಟ್ರದಿಂದ ಬರುವ ನೀರನ್ನು ಕಲಬುರಗಿ ಜಿಲ್ಲೆಯಲ್ಲಿ ಮೊದಲು ಎದುರಿಸುವುದು ಈ ತಾಲ್ಲೂಕೇ. ಜೇವರ್ಗಿ ಬಲದಂಡೆಯಲ್ಲಿದ್ದು, ಕಲಬುರಗಿ ನಗರಕ್ಕೆ ಹೋಗಬೇಕಾದರೆ ಹೊಳೆ ದಾಟಲೇಬೇಕು. ಕಟ್ಟಿ ಸಂಗಾವಿ ಸೇತುವೆಯ ಮೇಲೆ ಸಂಚಾರ ನಿಂತರೆ ದೊಡ್ಡ ಆಸ್ಪತ್ರೆಯೂ ದೂರವಾಗುತ್ತದೆ. ನೀರು ಮನೆಗೆ ನುಗ್ಗದ ಊರಿಗೂ ಹಾಗಾಗಿ ಪ್ರವಾಹದ ಬಿಸಿ ತಟ್ಟುತ್ತದೆ.

ಇದೇ ಭೀಮೆ ಬೇಸಿಗೆಯಲ್ಲಿ ಬತ್ತಿ ಕಲ್ಲು ತೋರಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಸೊನ್ನ ಬ್ಯಾರೇಜಿನಲ್ಲಿ ಸುಮಾರು 8 ಲಕ್ಷ ಕ್ಯೂಸೆಕ್ ಹರಿದ ಹೊಳೆಗೆ ಕುಡಿಯುವ ನೀರು ಬಿಡಿಸಿ ಎಂದು 2024ರ ಮಾರ್ಚ್‌ನಲ್ಲಿ ಅಫಜಲಪುರದಲ್ಲಿ ಉಪವಾಸ ಕೂರಬೇಕಾಯಿತು. ಒಂದೇ ಊರಿನ ಪಟ್ಟಿಯಲ್ಲಿ ಪ್ರವಾಹವೂ ಬರವೂ ಎದುರುಬದುರಾಗಿ ಇರುವುದು ಇಲ್ಲಿ ವಿಚಿತ್ರವಲ್ಲ.

ಅಳೆಯುವ ಕ್ರಮ

1. ನೆನಪಿನ ಪಟ್ಟಿ. ಮೊದಲು ವರ್ಷಗಳನ್ನು ಬರೆದುಕೊಳ್ಳಬೇಕು. ಪ್ರವಾಹಕ್ಕೆ 2006, 2009, 2020, 2025, ಬರಕ್ಕೆ 1972, 2015, 2018, 2023, ಆಲಿಕಲ್ಲಿಗೆ 2014ರ ಫೆಬ್ರವರಿ-ಮಾರ್ಚ್, ಭೂಕಂಪಕ್ಕೆ 1993. ಇವು ಪ್ರದೇಶದ ದೊಡ್ಡ ವರ್ಷಗಳು ಮಾತ್ರ. ಊರಿನ ಹಳ್ಳ ಬಂದು ದನ ಕೊಚ್ಚಿಹೋದ ವರ್ಷ, ಸಿಡಿಲಿಗೆ ಕುರಿಹಿಂಡು ಸತ್ತ ವರ್ಷ ಜಿಲ್ಲೆಯ ವರದಿಯಲ್ಲಿ ಸಿಗಲಾರದು, ಕಟ್ಟೆಯ ಮೇಲೆ ಸಿಗುತ್ತದೆ. ಹಿರಿಯರಿಗೆ ಇಸವಿ ನೆನಪಿರದಿದ್ದರೆ ಮನೆಯ ಮದುವೆ, ಮಗುವಿನ ಹುಟ್ಟು, ಚುನಾವಣೆ ಇಟ್ಟುಕೊಂಡು ಕೇಳಿದರೆ ವರ್ಷ ತಾನೇ ಹೊರಬರುತ್ತದೆ. ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಕೂಡಿಸಿ ಕೇಳುವುದು ಒಳ್ಳೆಯದು. ಬರಗಾಲದಲ್ಲಿ ನೀರು ಎಷ್ಟು ದೂರದಿಂದ ಬಂತು ಎಂಬುದನ್ನು ಕೊಡ ಹೊತ್ತವರಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು.

2. ಊರ ಸುತ್ತ ನಡಿಗೆ ಮತ್ತು ನಕ್ಷೆ. ಗ್ರಾಮ ಆಡಳಿತಾಧಿಕಾರಿಯ ಬಳಿ ಇರುವ ಗ್ರಾಮ ನಕ್ಷೆಯ ಪ್ರತಿ ಪಡೆದು, ಅದನ್ನು ದೊಡ್ಡ ಹಾಳೆಗೆ ಏರಿಸಿಕೊಳ್ಳಬೇಕು. ಅಗಸಿಯಿಂದ ಹೊಳೆಯತ್ತ, ಹಳ್ಳದ ಗುಂಟ, ತಾಂಡಾದ ದಾರಿಯಲ್ಲಿ ನಡೆಯುತ್ತ ಗುರುತು ಹಾಕಬೇಕು: ತಗ್ಗಿನ ಮನೆಗಳು, ಒಡ್ಡು ಒಡೆದ ಜಾಗ, ನೀರು ಮೇಲೆ ಹರಿಯುವ ಸಣ್ಣ ಸೇತುವೆ, ಟ್ರಾನ್ಸ್‌ಫಾರ್ಮರ್, ಕುಡಿಯುವ ನೀರಿನ ಬಾವಿ ಮತ್ತು ಬೋರ್‌ವೆಲ್, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಬಣವೆಗಳು, ಎತ್ತರದ ಬಯಲು. ಗರ್ಭಿಣಿಯರು, ಹಾಸಿಗೆ ಹಿಡಿದವರು, ಅಂಗವಿಕಲರು ಇರುವ ಮನೆಗಳಿಗೆ ಬಣ್ಣದ ಚುಕ್ಕೆ ಸಾಕು. ಹೆಸರು ಬೇಡ, ಆ ವಿವರ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲೇ ಇರಲಿ.

3. ಕ್ಯೂಸೆಕ್ಕನ್ನು ಊರಿನ ಗುರುತಿಗೆ ಇಳಿಸುವುದು. ತೀರದ ಊರುಗಳಿಗೆ ಇಡೀ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳ ಭಾಗ ಇದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, 8 ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎರಡೂಕಾಲು ಕೋಟಿ ಲೀಟರಿಗೂ ಹೆಚ್ಚು. ಈ ಲೆಕ್ಕ ಕೇಳಿ ಬೆರಗಾಗಬಹುದು, ಮನೆ ಖಾಲಿ ಮಾಡಬೇಕೋ ಬೇಡವೋ ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಊರಿನಲ್ಲೇ ಅಳತೆಗೋಲು ಬೇಕು.

2020ರಲ್ಲಿ ನೀರು ಮುಟ್ಟಿದ ಗೆರೆ ಗುಡಿಯ ಗೋಡೆ, ಶಾಲೆಯ ಕಂಪೌಂಡು, ಮನೆಯ ಹೊಸ್ತಿಲುಗಳಲ್ಲಿ ಇನ್ನೂ ಕಾಣುತ್ತಿದ್ದರೆ ಅಲ್ಲಿ ಎಣ್ಣೆಬಣ್ಣದಿಂದ ಗೆರೆ ಎಳೆದು ತಾರೀಖು ಬರೆಯಬೇಕು. ಗೆರೆ ಅಳಿಸಿಹೋಗಿದ್ದರೆ ಮೂರು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿ ಹೋಲಿಸಬೇಕು. ಮುಂದಿನ ಪ್ರತಿ ಮಳೆಗಾಲದಲ್ಲೂ ಸೊನ್ನದಿಂದ ಬಿಟ್ಟ ಪ್ರಮಾಣ, ಪ್ರಕಟಣೆ ಬಂದ ಹೊತ್ತು, ನೀರು ಊರಿನ ಯಾವ ಮೆಟ್ಟಿಲು ಮುಟ್ಟಿತು, ಎಷ್ಟು ಗಂಟೆಗೆ ಮುಟ್ಟಿತು ಎಂಬ ನಾಲ್ಕು ಅಂಕಣಗಳನ್ನು ತುಂಬಬೇಕು. ಎರಡು-ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಇಷ್ಟು ಕ್ಯೂಸೆಕ್ಕಿಗೆ ಮೋಟಾರು ಎತ್ತಬೇಕು, ಇಷ್ಟಕ್ಕೆ ದನ ಬಿಚ್ಚಬೇಕು, ಇಷ್ಟಕ್ಕೆ ಕೆಳಗಿನ ಓಣಿ ಏಳಬೇಕು ಎಂಬ ಪಟ್ಟಿ ಊರಿನ ಕೈಗೆ ಬರುತ್ತದೆ. ಘತ್ತರಗಿಯ ಪಟ್ಟಿ ದೇವಲ ಗಾಣಗಾಪುರಕ್ಕೆ ನಡೆಯುವುದಿಲ್ಲ. ಹೊಳೆಯ ಅಗಲ, ದಂಡೆಯ ಎತ್ತರ, ಬ್ಯಾರೇಜು-ಸೇತುವೆಗಳ ಅಡ್ಡಿ ಊರಿಂದೂರಿಗೆ ಬದಲಾಗುತ್ತವೆ.

ಎಚ್ಚರಿಕೆಯ ಮೂಲವನ್ನೂ ಒಂದಕ್ಕೇ ನಿಲ್ಲಿಸಬಾರದು. ಭೀಮೆಯ ನೀರೆಂದರೆ ಮಹಾರಾಷ್ಟ್ರದ ಉಜನಿ ಜಲಾಶಯದ್ದು ಎಂಬ ಎಣಿಕೆ ತೀರದಲ್ಲಿ ಬೇರೂರಿದೆ. ಆದರೆ 2020ರಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ತೆಲಂಗಾಣ, ಕಲಬುರಗಿ, ಸೊಲ್ಲಾಪುರಗಳ ಮೇಲೆಯೇ ಸುರಿಯಿತು. ಉಜನಿಯಿಂದ ಬಿಟ್ಟದ್ದಕ್ಕಿಂತ ಸೊನ್ನದಲ್ಲಿ ಹರಿದದ್ದು ಎಷ್ಟೋ ಹೆಚ್ಚು. ನಡುವೆ ಸೀನಾ ಸೇರುತ್ತದೆ, ಅಕ್ಕಲಕೋಟೆಯ ಕುರನೂರು ಜಲಾಶಯದ ನೀರು ಬೋರಿ ನದಿಯಿಂದ ಬರುತ್ತದೆ. ನೀರಾ ನದಿಯ ವೀರ ಜಲಾಶಯದ್ದು ಬೇರೆ ಲೆಕ್ಕ. ಆದ್ದರಿಂದ ಉಜನಿ, ವೀರ, ಕುರನೂರು, ಸೊನ್ನ ನಾಲ್ಕರ ಸುದ್ದಿಯನ್ನೂ ಒಟ್ಟಿಗೆ ನೋಡಬೇಕು. ದೇವಣಗಾಂವ ಸೇತುವೆಯ ಬಳಿ ಕೇಂದ್ರ ಜಲ ಆಯೋಗ ನೀರಿನ ಮಟ್ಟ ಅಳೆಯುತ್ತದೆ, ಅದೂ ಪಟ್ಟಿಯಲ್ಲಿರಲಿ.

ಇನ್ನೊಂದು ಸೂಕ್ಷ್ಮವಿದೆ. ಹೊಳೆ ತುಂಬಿದಾಗ ಉಪನದಿಯ ನೀರು ಒಳಗೆ ಸೇರಲಾರದೆ ಹಿಂದಕ್ಕೆ ಒತ್ತುತ್ತದೆ. ಆಳಂದದ ಕೊರಳ್ಳಿಯಲ್ಲಿ ಅಣೆಕಟ್ಟು ಇರುವ ಅಮರ್ಜಾ ನದಿ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಏರಿದ ದಿನವೇ ಅಮರ್ಜಾಕ್ಕೂ ನೀರು ಬಿಟ್ಟರೆ ಸಂಗಮದ ಹಿಂದಿನ ತಗ್ಗುಗಳು ತುಂಬುತ್ತವೆ. ಸಣ್ಣ ಹಳ್ಳಗಳಲ್ಲೂ ಇದೇ ನಡೆಯುತ್ತದೆ. ಹೊಳೆಗೆ ಬೆನ್ನು ಮಾಡಿರುವ, ದೂರದಲ್ಲಿದ್ದೇವೆಂದು ನಂಬಿರುವ ಓಣಿಗೆ ಹಿಂಬದಿಯ ಹಳ್ಳದಿಂದ ನೀರು ಬರುತ್ತದೆ. ನಕ್ಷೆಯಲ್ಲಿ ಹಳ್ಳ ಹೊಳೆಗೆ ಸೇರುವ ಬಾಯಿಯಿಂದ ಮೇಲಕ್ಕೆ ತಗ್ಗು ಎಲ್ಲಿಯ ತನಕ ಇದೆ ಎಂದು ನಡೆದೇ ನೋಡಬೇಕು.

4. ಗೋಡೆ ಮತ್ತು ಮಾಳಿಗೆ. ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದಾಗ ಜನ ಸಾಯುವುದು ಹೊಳೆಯಲ್ಲಿ ಮಾತ್ರವಲ್ಲ, ನೆನೆದ ಗೋಡೆಯ ಕೆಳಗೂ. ಈ ಸೀಮೆಯ ಹಳೆಯ ಮನೆಗಳ ಗೋಡೆ ಒಳಗೊಂದು ಹೊರಗೊಂದು ಕಲ್ಲಿನ ಪದರ, ನಡುವೆ ಮಣ್ಣು-ಹರಳು ತುಂಬಿ ಕಟ್ಟಿದ್ದು. ಎರಡೂ ಪದರವನ್ನು ಬೆಸೆಯುವ ಉದ್ದಗಲ್ಲು ಇಲ್ಲದಿದ್ದರೆ ನೀರಿಳಿದಾಗ ನಡುವಿನ ಮಣ್ಣು ಉಬ್ಬಿ ಹೊರಪದರವನ್ನು ತಳ್ಳುತ್ತದೆ. ಮೇಲೆ ಮಣ್ಣಿನ ಮಾಳಿಗೆ. ಸೋರುತ್ತದೆಂದು ವರ್ಷ ವರ್ಷ ಮೇಲೆ ಮಣ್ಣು ಹಾಕಿಸುವುದರಿಂದ ಅದರ ತೂಕ ಏರುತ್ತಲೇ ಹೋಗುತ್ತದೆ. ಹತ್ತು ಅಡಿಗೆ ಹತ್ತು ಅಡಿ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ತಲೆಯ ಮೇಲೆ ನಾಲ್ಕೂವರೆ ಟನ್ ಆಸುಪಾಸು ಭಾರ. ನೆನೆದರೆ ಇನ್ನೂ ಹೆಚ್ಚು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾದಾಗ ಸತ್ತ ಸುಮಾರು ಹತ್ತು ಸಾವಿರ ಜನರಲ್ಲಿ ಬಹುಪಾಲು ಇಂಥದೇ ಮನೆಗಳಲ್ಲಿ ಮಲಗಿದ್ದವರು. ಹಾನಿಗೊಳಗಾದ ಉಮರಗಾ ತಾಲ್ಲೂಕು ಆಳಂದದ ನೆರೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಪದೇ ಪದೇ ಕಂಪಿಸಿದಾಗ ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿದ್ದರ ಹಿಂದೆ ಈ ನೆನಪೂ ಇತ್ತು. ಮನೆ ಸಮೀಕ್ಷೆಯಲ್ಲಿ ನೋಡಬೇಕಾದ್ದು ನಾಲ್ಕೇ: ಗೋಡೆ ಹೊಟ್ಟೆ ಬಿಟ್ಟಿದೆಯೇ, ಮೂಲೆ ಬಿರುಕು ಬಿಟ್ಟಿದೆಯೇ, ತೊಲೆ-ಜಂತಿ ಗೆದ್ದಲು ಹಿಡಿದಿವೆಯೇ, ಬುಡದಲ್ಲಿ ಬಚ್ಚಲ ನೀರು ನಿಲ್ಲುತ್ತದೆಯೇ. ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ಮಳೆ ಹಿಡಿದ ವಾರದಲ್ಲಿ ಆ ಕೋಣೆಯಲ್ಲಿ ಮಲಗಬಾರದು.

5. ಹೊಲ ಮತ್ತು ನೀರು. ಬರದ ಅಪಾಯ ವರ್ಷದ ಒಟ್ಟು ಮಳೆಯಿಂದ ತಿಳಿಯುವುದಿಲ್ಲ. ಜೂನ್-ಜುಲೈಯಲ್ಲಿ ಬಿತ್ತಿದ ಮೇಲೆ ಮೂರು-ನಾಲ್ಕು ವಾರ ಮಳೆ ಕೈಕೊಟ್ಟು, ಸೆಪ್ಟೆಂಬರ್‌ನಲ್ಲಿ ಒಮ್ಮೆಲೇ ಸುರಿದರೆ ದಾಖಲೆಯಲ್ಲಿ ವಾಡಿಕೆ ಮಳೆ, ಹೊಲದಲ್ಲಿ ಎರಡು ಸಲ ನಷ್ಟ. ಒಂದು ಎಕರೆಗೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 4 ಲಕ್ಷ ಲೀಟರ್ ನೀರು. ಎರೆ ಭೂಮಿ ಒಮ್ಮೆ ನೆನೆದು ಉಬ್ಬಿದ ಮೇಲೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರು ನಿಂತ ತೊಗರಿಗೆ ಬೇರು ಕೊಳೆ, ನೆಟೆ ರೋಗ ಬೇಗ ತಗುಲುತ್ತವೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಮೇಲೇ ಬಹುತೇಕ ಒಣಬೇಸಾಯದ ಕುಟುಂಬಗಳ ವರ್ಷದ ಲೆಕ್ಕ ನಿಂತಿರುವುದರಿಂದ ಒಂದೇ ಬೆಳೆಯ ಅವಲಂಬನೆಯನ್ನೂ ಅಪಾಯವೆಂದೇ ಬರೆಯಬೇಕು.

ಪಟ್ಟಿಯಲ್ಲಿ ಇರಬೇಕಾದ ಅಂಕಣಗಳು: ಎರೆ ಎಷ್ಟು, ಮಸಬು ಎಷ್ಟು, ನೀರು ನಿಲ್ಲುವ ಸರ್ವೆ ನಂಬರುಗಳು, ಯಾವ ತಿಂಗಳಲ್ಲಿ ಯಾವ ಬೋರ್‌ವೆಲ್ ಬತ್ತುತ್ತದೆ, ಕಣಿಕೆ ಎಷ್ಟು ತಿಂಗಳಿಗೆ ಸಾಕು, ಎಷ್ಟು ಮನೆಯವರು ಯಾವ ತಿಂಗಳಲ್ಲಿ ಗುಳೆ ಹೋಗುತ್ತಾರೆ. ಕೊನೆಯದು ಬರ ಬಂದಿದೆ ಎಂಬುದಕ್ಕೆ ಯಾವ ಮಳೆಮಾಪಕಕ್ಕಿಂತಲೂ ನಂಬಬಹುದಾದ ಸಾಕ್ಷಿ. ಜೇವರ್ಗಿಯ ಕಾಲುವೆ ಪ್ರದೇಶದವರು ಕಾಲುವೆಯ ಕೊನೆಯಂಚಿನ ಹೊಲಗಳನ್ನು ನೀರಾವರಿ ಎಂದು ಎಣಿಸುವ ಮುನ್ನ ಅಲ್ಲಿಗೆ ನಿಜಕ್ಕೂ ನೀರು ಮುಟ್ಟುತ್ತದೆಯೇ ಎಂದು ನೋಡಬೇಕು. ಕಾಗದದಲ್ಲಿ ಎಷ್ಟೋ ಹೊಲಗಳು ಹಸಿರಾಗಿರುತ್ತವೆ.

6. ಬಿಸಿಲು ಮತ್ತು ಸಿಡಿಲು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಹೊಲದ ಕೂಲಿ, ಇಟ್ಟಿಗೆ ಭಟ್ಟಿ, ರಸ್ತೆ ಕೆಲಸದವರಿಗೆ ಈ ಸೌಲಭ್ಯ ಇರುವುದಿಲ್ಲ. ಆದ್ದರಿಂದ ಬಿಸಿಲಿನ ಅಪಾಯವನ್ನು ಉಷ್ಣಾಂಶದಿಂದ ಮಾತ್ರ ಅಳೆಯದೆ, ಮಧ್ಯಾಹ್ನ 12ರಿಂದ 4ರ ತನಕ ಹೊರಗೆ ದುಡಿಯುವವರು ಎಷ್ಟು ಜನ, ತಗಡಿನ ಮನೆಗಳು ಎಷ್ಟು, ಕೆಲಸದ ಜಾಗದಲ್ಲಿ ನೆರಳು-ನೀರು ಇದೆಯೇ ಎಂದು ಎಣಿಸಬೇಕು.

ಸಿಡಿಲು ಮುಂಗಾರಿನ ಮುಂಚೆ ಮತ್ತು ಹಿಂಗಾರಿನ ಹೊತ್ತಿಗೆ ಹೆಚ್ಚು. ಬಲಿಯಾಗುವವರಲ್ಲಿ ಬಹುಪಾಲು ಕುರಿಗಾಹಿಗಳು, ಬಯಲಿನಲ್ಲಿ ದುಡಿಯುವವರು, ಮಳೆಗೆ ಮರದ ಕೆಳಗೆ ನಿಂತವರು. ಯಾವ ಹೊಲದಿಂದ ಗಟ್ಟಿ ಕಟ್ಟಡ ಎಷ್ಟು ನಿಮಿಷದ ದಾರಿ ಎಂಬುದು ಇಲ್ಲಿ ಮುಖ್ಯ ಅಳತೆ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

7. ಅಂಕ ಹಾಕುವುದು. ಪ್ರತಿ ಓಣಿಗೆ, ಪ್ರತಿ ಅಪಾಯಕ್ಕೆ ಎರಡು ಅಂಕ: ಎಷ್ಟು ಸಲ ಬರುತ್ತದೆ (1ರಿಂದ 3), ಬಂದರೆ ಎಷ್ಟು ಹಾನಿ (1ರಿಂದ 3). ಗುಣಿಸಿದರೆ ಆದ್ಯತೆ. ಮೂರು ವರ್ಷಕ್ಕೊಮ್ಮೆ ಬೆಳೆ ಒಣಗುವ ಓಣಿಯ ಬರಕ್ಕೆ 3×2, ಅಂದರೆ 6. ಹತ್ತು ವರ್ಷಕ್ಕೊಮ್ಮೆ ಮನೆ ಮುಳುಗುವ ಕೆಳಗಿನ ಓಣಿಯ ಪ್ರವಾಹಕ್ಕೆ 2×3, ಅದೂ 6. ಭೂಕಂಪಕ್ಕೆ 1×3, ಬರೀ 3. ಗುಣಾಕಾರದ ದೋಷ ಇಲ್ಲೇ ಇದೆ: ತಲೆಮಾರಿಗೊಮ್ಮೆ ಬಂದು ಊರನ್ನೇ ಅಳಿಸುವಂಥದ್ದು ಪಟ್ಟಿಯ ತಳಕ್ಕೆ ಜಾರುತ್ತದೆ. ಹಾನಿಯ ಅಂಕ 3 ಬಿದ್ದ ಯಾವುದನ್ನೂ ಮೊತ್ತ ಎಷ್ಟೇ ಇರಲಿ ಪಟ್ಟಿಯಿಂದ ತೆಗೆಯಬಾರದು ಎಂಬ ನಿಯಮ ಇಟ್ಟುಕೊಂಡರೆ ಈ ತೊಂದರೆ ತಪ್ಪುತ್ತದೆ. ಅಂಕ ಹಾಕುವಾಗ ಎಲ್ಲ ಓಣಿ, ತಾಂಡಾಗಳ ಒಬ್ಬೊಬ್ಬರಾದರೂ ಎದುರಿಗಿರಬೇಕು. ಮೇಲಿನ ಓಣಿಯವರು ಕೆಳಗಿನ ಓಣಿಯ ಹಾನಿಗೆ ಹಾಕುವ ಅಂಕ ಯಾವಾಗಲೂ ಒಂದು ಕಡಿಮೆ.

ಸಾಮಾನ್ಯ ತಪ್ಪುಗಳು

ಊರಲ್ಲಿ ಮಳೆ ಇಲ್ಲವೆಂದು ಹೊಳೆಯ ಎಚ್ಚರಿಕೆಯನ್ನು ಕಡೆಗಣಿಸುವುದು ಮೊದಲನೆಯದು. ಬಿಸಿಲು ಕಾಯುತ್ತಿರುವ ದಿನವೂ ಮೇಲಿನ ನೀರು ಬರಬಹುದು. 2020ರ ಗೆರೆಯೇ ಕೊನೆಯ ಗೆರೆ ಎಂದು ಅದಕ್ಕಿಂತ ಒಂದಡಿ ಮೇಲೆ ಮನೆ ಕಟ್ಟುವುದು ಎರಡನೆಯದು. ಆ ಗೆರೆ ಒಂದು ಘಟನೆಯ ದಾಖಲೆ, ಹೊಳೆ ಬರೆದುಕೊಟ್ಟ ಕರಾರು ಅಲ್ಲ. ಮನೆ ಬಿಟ್ಟ ಜನ ತಂಗುವ ಕಾಳಜಿ ಕೇಂದ್ರವೆಂದು ಶಾಲೆಯ ಹೆಸರು ಬರೆದು, ಶಾಲೆಯ ದಾರಿಯಲ್ಲೇ ಹಳ್ಳ ಇರುವುದನ್ನು ಮರೆಯುವುದೂ ನಡೆಯುತ್ತದೆ. ದನಗಳಿಗೆ ಜಾಗ ಗೊತ್ತು ಮಾಡದಿರುವುದು ಇನ್ನೂ ದೊಡ್ಡ ತಪ್ಪು: ದನ ಬಿಟ್ಟು ಬರಲಾರದೆ ಜನ ಮನೆಯಲ್ಲೇ ಉಳಿಯುತ್ತಾರೆ, ಅಥವಾ ಬಂದವರು ರಾತ್ರಿ ಮೇವು ಹಾಕಲು ವಾಪಸು ಹೋಗುತ್ತಾರೆ. ಮೇವು, ನೀರು ಇರುವ ಎತ್ತರದ ಬಯಲನ್ನು ಕಾಳಜಿ ಕೇಂದ್ರದ ಜೊತೆಗೇ ಗುರುತಿಸಬೇಕು.

ಎಚ್ಚರ ವಹಿಸಬೇಕಾದ್ದು

ಅಳತೆಯ ಕೆಲಸವನ್ನು ಪ್ರವಾಹ ಬಂದಾಗ ಮಾಡಬಾರದು. ನೀರಿನ ಮಟ್ಟ ದಾಖಲಿಸುವವರು ದಂಡೆಯ ಮೇಲೆ ದೂರ ನಿಂತೇ ನೋಡಬೇಕು. ಸೇತುವೆಯ ಮೇಲೆ ಹರಿಯುವ ನೀರು ಅರ್ಧ ಅಡಿ ಇದ್ದರೂ ಮನುಷ್ಯನ ಕಾಲು ಕೀಳುತ್ತದೆ. ಎರಡು ಅಡಿ ಇದ್ದರೆ ಬಹುತೇಕ ವಾಹನಗಳನ್ನು ಕೊಚ್ಚುತ್ತದೆ. ಮುಳುಗಿದ ಪಂಪ್‌ಸೆಟ್, ಕಂಬ, ತಂತಿಗಳ ಹತ್ತಿರ ಹೋಗುವ ಮುನ್ನ ವಿದ್ಯುತ್ ಕಡಿತವಾಗಿದೆ ಎಂಬುದನ್ನು ಜೆಸ್ಕಾಂ ಸಿಬ್ಬಂದಿಯಿಂದ ಖಚಿತ ಮಾಡಿಕೊಳ್ಳಬೇಕು. ಹೊಟ್ಟೆ ಬಿಟ್ಟ ಗೋಡೆಯನ್ನು ಕೋಲಿನಿಂದ ತಟ್ಟಿ ಪರೀಕ್ಷಿಸುವ ಉತ್ಸಾಹವೂ ಬೇಡ.

ಅಂಕಿ ಸಿಗುವ ಜಾಗ, ಪಟ್ಟಿ ತಲುಪಬೇಕಾದ ಜಾಗ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿದೆ. ಅದರ ವರುಣ ಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಮಳೆ, ಗಾಳಿಯ ಮುನ್ಸೂಚನೆ ಕೇಳಬಹುದು. ಸಿಡಿಲಿಗೆ ಅದೇ ಕೇಂದ್ರದ ‘ಸಿಡಿಲು’ ಆ್ಯಪ್ ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇವೆ. ಜಿಲ್ಲಾ ತುರ್ತು ಸಹಾಯವಾಣಿ 1077.

ಸಿದ್ಧವಾದ ನಕ್ಷೆ, ವರ್ಷಗಳ ಪಟ್ಟಿ, ಕ್ಯೂಸೆಕ್ ಪಟ್ಟಿ, ಅಂಕಪಟ್ಟಿ ಇವನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ಪಂಚಾಯತಿಯ ಅಭಿವೃದ್ಧಿ ಯೋಜನೆಗೆ ಸೇರಿಸಬೇಕು. ಒಂದು ಪ್ರತಿ ಪಿಡಿಒ ಬಳಿ, ಒಂದು ತಹಶೀಲ್ದಾರ್ ಕಚೇರಿಯಲ್ಲಿ ಇರಲಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾದ್ದರಿಂದ ಸೇತುವೆ ಎತ್ತರಿಸುವ, ಓಣಿ ಸ್ಥಳಾಂತರಿಸುವಂಥ ದೊಡ್ಡ ಬೇಡಿಕೆಗಳು ಅಲ್ಲಿಗೇ ಹೋಗಬೇಕು. ನಡಾವಳಿಯ ಪ್ರತಿ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಇದೇ ದಾಖಲೆ ಪರಿಹಾರದ ಹೊತ್ತಿಗೂ ಬೇಕಾಗುತ್ತದೆ. ಬೆಳೆ ಹಾನಿಗೆ ಸರ್ಕಾರದ ಪರಿಹಾರ ಸಿಗಲು ನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಫಸಲ್ ಬಿಮಾ ಮಾಡಿಸಿದವರು ಆಲಿಕಲ್ಲಿನಂಥ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಸರ್ವೆ ನಂಬರು, ಬೆಳೆ, ಹಾನಿಗೆ ಮುಂಚಿನ ಮತ್ತು ನಂತರದ ಫೋಟೋ ಒಂದೆಡೆ ಇದ್ದರೆ ಆ ಮೂರು ದಿನ ಸಾಕಾಗುತ್ತದೆ.

ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ತಿದ್ದಬೇಕು: ಮೇ ಕೊನೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ತೊಗರಿ ರಾಶಿ ಮುಗಿದು ಗುಳೆ ಹೊರಡುವ ಮುನ್ನ ಜನವರಿಯಲ್ಲಿ ಇನ್ನೊಮ್ಮೆ. ಹೊಸ ಮನೆ, ಹೊಸ ರಸ್ತೆ, ಹೊಸ ಬ್ಯಾರೇಜು ಬಂದ ವರ್ಷ ಮೂರನೆಯ ಅಂಶವನ್ನು ಮೊದಲಿನಿಂದ ಮಾಡಬೇಕಾಗುತ್ತದೆ, ಏಕೆಂದರೆ ನೀರಿನ ದಾರಿ ಬದಲಾಗಿರುತ್ತದೆ.